ಇಂಪೀರಿಯಲ್ ಸ್ಟೌಟ್ ಕುಡಿಯುವ ಬಗ್ಗೆ ಸಿರುಗುಪ್ಪದ ಅಣ್ಣನಿಗೆ ಉತ್ತರ

ಅಣ್ಣಾ, ನಿಮ್ಮ ಅಳಿಯ ಹೊರದೇಶದಿಂದ ಎರಡು ಬಾಟಲಿ ಇಂಪೀರಿಯಲ್ ಸ್ಟೌಟ್ (ಹುರಿದ ಬಾರ್ಲಿ ಹಾಕಿ ಮಾಡುವ ಕಪ್ಪು, ಸ್ಟ್ರಾಂಗ್ ಬಿಯರ್) ತಂದ, ಒಂದನ್ನು ಫ್ರೀಜರ್‌ನಲ್ಲಿಟ್ಟು ಕುಡಿದ್ರೆ ಸುಟ್ಟ ಕಷಾಯದ ಹಾಗಿತ್ತು, ಇನ್ನೊಂದನ್ನ ಚೆಲ್ಲಲಾ ಅಂತ ಕೇಳಿದ್ದೀರಿ. ಚೆಲ್ಲಬೇಡಿ. ಬಿಯರ್ ಕೆಟ್ಟಿರಲಿಕ್ಕಿಲ್ಲ. ತಣ್ಣಗಾಗಿದ್ದು ಜಾಸ್ತಿ ಆಗಿದೆ.

ನಮ್ಮ ಬಳ್ಳಾರಿ ಕಡೆ ಬಿಯರ್ ಅಂದ್ರೆ ಬಾಟಲಿ ಮೈಮೇಲೆ ನೀರು ಇಳೀತಿರಬೇಕು. ಲಾಗರ್‌ಗೆ, ಅಂದ್ರೆ ನಾವು ಕುಡಿಯುವ ಮಾಮೂಲಿ ತಿಳಿ ಬಣ್ಣದ ಬಿಯರ್‌ಗೆ, ಅದು ಸರಿ. ಸ್ಟೌಟ್ ಅಷ್ಟು ತಣ್ಣಗಾದರೆ ವಾಸನೆ ಮೇಲೇಳುವುದಿಲ್ಲ, ಸಿಹಿ ಮುಚ್ಚಿಹೋಗುತ್ತದೆ, ಹುರಿದ ಬಾರ್ಲಿಯ ಕಹಿ ಮಾತ್ರ ಉಳಿಯುತ್ತದೆ. ಇದಕ್ಕೆ 10ರಿಂದ 14 ಡಿಗ್ರಿ ಬೇಕು. ಫ್ರಿಜ್ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ. ಹಾಗಂತ ಇಂಗ್ಲಿಷ್‌ನವರು ‘ರೂಮ್ ಟೆಂಪರೇಚರ್’ ಅಂತ ಬರೆದಿದ್ದನ್ನ ನಂಬಿ ಏಪ್ರಿಲ್‌ನಲ್ಲಿ ಮೇಜಿನ ಮೇಲಿಟ್ಟುಬಿಡಬೇಡಿ. ಅವರ ರೂಮೇ ಬೇರೆ, ನಮ್ಮ ರೂಮೇ ಬೇರೆ.

ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ನಿಲ್ಲಿಸಿ ಇಡುತ್ತೇನೆ. ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು, ಒಬ್ಬೊಬ್ಬರಿಗೆ 60–70 ಎಂಎಲ್ ಮಾತ್ರ ಹಾಕುತ್ತೇನೆ. ಉಳಿದ ಬಾಟಲಿ ತಣ್ಣೀರಿನ ಬಕೆಟ್‌ಗೆ. ಬೇಸಿಗೆಯಲ್ಲಿ ಗ್ಲಾಸಿನಲ್ಲಿದ್ದದ್ದು ಬೇಗ ಬಿಸಿಯಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪ. ಐಸ್ ಅಂತೂ ಹಾಕಲೇಬೇಡಿ. ಬ್ರಾಂಡಿ ಗ್ಲಾಸ್ ಇದ್ದರೆ ಒಳ್ಳೆಯದು, ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಬಾಯಿ ಕಿರಿದಾಗಿದ್ದರೆ ವಾಸನೆ ಒಳಗೇ ನಿಲ್ಲುತ್ತದೆ. ಗ್ಲಾಸಿನಲ್ಲಿ ಎಣ್ಣೆ, ಸೋಪಿನ ಜಿಡ್ಡು ಇದ್ದರೆ ನೊರೆ ಕೂತುಹೋಗುತ್ತದೆ. ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಮೊದಲು ಮೂಸಿ ನೋಡಿ. ಉದ್ದಕ್ಕೆ ಉಸಿರು ಎಳೆಯಬೇಡಿ, ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಸಣ್ಣ ಸಣ್ಣ ಉಸಿರು ಸಾಕು. ಆಮೇಲೆ ಒಂದು ಗುಟುಕು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟು ನುಂಗಿ. ತಣ್ಣಗಿದ್ದಾಗ ಕಾಫಿ, ಕಹಿ ಚಾಕೊಲೇಟ್ ರುಚಿ ಸಿಗುತ್ತದೆ. ಅಂಗೈಯಲ್ಲಿ ಗ್ಲಾಸ್ ಹಿಡಿದು ಹತ್ತು ನಿಮಿಷ ಮಾತಾಡಿ, ಮತ್ತೆ ಕುಡಿಯಿರಿ. ಒಣದ್ರಾಕ್ಷಿ, ಉತ್ತತ್ತಿ, ಬೆಲ್ಲದ ಪಾಕ ಒಂದೊಂದಾಗಿ ಹೊರಗೆ ಬರುತ್ತವೆ. ಗೊತ್ತಾಗದಿದ್ದರೆ ಅಡುಗೆಮನೆಯಿಂದ ಎರಡು ಉತ್ತತ್ತಿ, ಸ್ವಲ್ಪ ಕಾಫಿಪುಡಿ ತಂದು ಪಕ್ಕದಲ್ಲಿಟ್ಟು ಮೂಸಿ. ಮನೆಯವರು ನಗಬಹುದು, ನಗಲಿ ಬಿಡಿ.

ಗಂಟಲಲ್ಲಿ ಬೆಚ್ಚಗಾಗಬೇಕು, ಉರಿಯಬಾರದು. ನೇಲ್ ಪಾಲಿಶ್ ವಾಸನೆ ಜೋರಾಗಿ ಬಂದರೆ ಬಿಯರ್ ಸರಿಯಾಗಿ ಹುದುಗಿಲ್ಲ ಅಂತ ಅನುಮಾನಪಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ.

ನಿಮ್ಮ ಪ್ರಶ್ನೆಗೆ ನಮ್ಮ ಗುಂಪಿನ ಮಂಜಣ್ಣ ‘ಕಪ್ಪಗಿದೆ, ಹಾಗಾಗಿ ಸ್ಟ್ರಾಂಗ್’ ಅಂತ ಉತ್ತರ ಬರೆದಿದ್ದಾರಲ್ಲ, ಅದು ತಪ್ಪು. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಐರ್ಲೆಂಡ್‌ನ ಗಿನ್ನೆಸ್ ಡ್ರಾಫ್ಟ್ ಅನ್ನೋ ಸ್ಟೌಟ್ ಕಪ್ಪಗಿದ್ದರೂ ಅದರಲ್ಲಿ ಆಲ್ಕೋಹಾಲ್ 4.2% ಅಷ್ಟೆ. ಇಂಪೀರಿಯಲ್ ಸ್ಟೌಟ್ ಸಾಮಾನ್ಯವಾಗಿ 8ರಿಂದ 12%. ನಮ್ಮ ದೇಶದ ನಿಯಮದಲ್ಲಿ ಸ್ಟ್ರಾಂಗ್ ಬಿಯರ್ 8%ಗೇ ನಿಲ್ಲುತ್ತದೆ. 330 ಎಂಎಲ್‌ನ ಒಂದು 10% ಬಾಟಲಿ ಅಂದ್ರೆ 650 ಎಂಎಲ್‌ನ 5% ಬಿಯರ್ ಒಂದು ಪೂರ್ತಿ ಬಾಟಲಿ ಕುಡಿದ ಲೆಕ್ಕ. ಮೂರು ನಾಲ್ಕು ಜನ ಹಂಚಿಕೊಳ್ಳಿ, ನಡುವೆ ನೀರು ಕುಡಿಯಿರಿ, ಆಮೇಲೆ ಗಾಡಿ ಮುಟ್ಟಬೇಡಿ.

ಹೆಸರಿನ ಕಥೆಯನ್ನೂ ಕೇಳಿದ್ರಿ. 18ನೇ ಶತಮಾನದಲ್ಲಿ ಲಂಡನ್‌ನ ಸದರ್ಕ್‌ನಲ್ಲಿದ್ದ ಥ್ರೇಲ್ ಬ್ರೂವರಿಯಿಂದ ಗಟ್ಟಿ ಪೋರ್ಟರ್ (ಸ್ಟೌಟ್‌ಗೆ ಮೂಲವಾದ ಕಂದು ಬಿಯರ್) ರಷ್ಯಾದ ಮಹಾರಾಣಿ ಎರಡನೇ ಕ್ಯಾಥರೀನ್‌ಳ ಆಸ್ಥಾನಕ್ಕೆ ಹೋಗುತ್ತಿತ್ತು. ಇಂಪೀರಿಯಲ್ ಅಂದ್ರೆ ಸಾಮ್ರಾಟರಿಗೆ ಸೇರಿದ್ದು, ಹೆಸರು ಅಲ್ಲಿಂದಲೇ. 1781ರಲ್ಲಿ ಆ ಬ್ರೂವರಿ ಬಾರ್ಕ್ಲೇ ಪರ್ಕಿನ್ಸ್ ಕಂಪನಿಯ ಕೈಗೆ ಬಂತು. ಆಗಿನ ಬಿಯರ್ ಇಷ್ಟು ಕಪ್ಪಗಿರಲಿಲ್ಲ ಅನ್ನಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಪ್ಪಗಾಗುವಂತೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದೇ 1817ರಲ್ಲಿ.

ಜೊತೆಗೆ ತಿನ್ನಲು ಏನು? ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾತ್ರ ಬೇಡ. ನಮಗೆ ಅದೇ ಮೊದಲು ನೆನಪಾಗೋದು, ಗೊತ್ತು. ಆದರೆ ಇಷ್ಟು ಆಲ್ಕೋಹಾಲ್ ಜೊತೆ ಖಾರ ಎರಡರಷ್ಟು ಉರಿದಂತಾಗಿ ಬಿಯರ್ ರುಚಿಯೇ ತಿಳಿಯುವುದಿಲ್ಲ. ಧಾರವಾಡ ಪೇಡ ಇಟ್ಟುಕೊಳ್ಳಿ. ಸುಟ್ಟ ಖೋವಾ, ಸುಟ್ಟ ಬಾರ್ಲಿ, ಎರಡೂ ಚೆನ್ನಾಗಿ ಹೊಂದುತ್ತವೆ. ಹುರಿದ ಶೇಂಗಾನೂ ಆದೀತು.

ಎರಡನೇ ಬಾಟಲಿಯನ್ನು ಅಟ್ಟದ ಮೇಲೆ ಇಟ್ಟಿದ್ದರೆ ಇವತ್ತೇ ಇಳಿಸಿ. ಈ ಬಿಯರ್ ತಂಪಾದ ಕತ್ತಲೆಯಲ್ಲಿ ವರ್ಷಗಟ್ಟಲೆ ಇರುತ್ತದೆ ಅನ್ನುವುದು ನಿಜ, ಆದರೆ ನಮ್ಮ ಅಟ್ಟದಲ್ಲಿ ಒಂದು ಬೇಸಿಗೆಯಲ್ಲೇ ಹಳಸುತ್ತದೆ. ಫ್ರಿಜ್‌ನ ಕೆಳಗಿನ ಹಲಗೆ ಸಾಕು. ಲೇಬಲ್ ಫೋಟೊ ಇಲ್ಲಿ ಹಾಕಿ, ಬಾಟಲಿಗೆ ತುಂಬಿದ ತಾರೀಖು ಕಾಣಲಿ. ಕಾಫಿ ಸೇರಿಸಿದ್ದು ಅಂತ ಬರೆದಿದ್ದರೆ ಮಾತ್ರ ಕಾಯಬೇಡಿ, ಈ ಭಾನುವಾರವೇ ತೆರೆಯಿರಿ. ಆ ಕಾಫಿ ಘಮ ಬೇಗ ಹೋಗಿಬಿಡುತ್ತದೆ.