ಧೂಮಪಾನ ಸ್ವಂತ ಆಯ್ಕೆಯಲ್ಲವೇ? ಅದಕ್ಕೆ ಸಾಂಕ್ರಾಮಿಕ ರೋಗದ ಗಣಿತ ಹೇಗೆ ಹೊಂದುತ್ತದೆ?

ಸೋಂಕು ಕೇಳದೇ ತಗಲುತ್ತದೆ, ಸಿಗರೇಟನ್ನು ಮನುಷ್ಯ ತಾನೇ ಹಚ್ಚುತ್ತಾನೆ ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆದರೂ ಹೊಂದುತ್ತದೆ ಎನ್ನುತ್ತೇನೆ. ಹಾಸನದ ಕಾಲೇಜೊಂದರಲ್ಲಿ ನಾನು ಅವಕಲ ಸಮೀಕರಣ, ಅಂದರೆ ಬದಲಾವಣೆಯ ವೇಗವನ್ನು ಬರೆಯುವ ಗಣಿತ, ಪಾಠ ಮಾಡುತ್ತೇನೆ. ಸಾಂಕ್ರಾಮಿಕ ರೋಗದ ಗಣಿತ ಮಾದರಿಗಳು ಒಬ್ಬನ ಮನಸ್ಸನ್ನು ಅಳೆಯುವುದಿಲ್ಲ. ಜನ ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಯುವ ವೇಗವನ್ನು ಅಳೆಯುತ್ತವೆ.

ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿಜ್ಞಾನಿಗಳು 1927ರಲ್ಲಿ ರೋಗಕ್ಕೆ ಕೊಟ್ಟ ಚೌಕಟ್ಟನ್ನು 1997ರಲ್ಲಿ ಕ್ಯಾಸ್ಟಿಲೊ-ಗಾರ್ಸೊ ಮತ್ತು ಸಂಗಡಿಗರು ತಂಬಾಕಿಗೆ ಅಳವಡಿಸಿದರು. ಮುಂದೆ ಸೇದಬಹುದಾದವರು, ಸೇದುವವರು, ಬಿಟ್ಟವರು ಎಂದು ಮೂರು ಗುಂಪು. ಒಬ್ಬ ಸೇದುವವನು ವರ್ಷಕ್ಕೆ ಸರಾಸರಿ 0.3 ಹೊಸಬರನ್ನು ಸೆಳೆಯುತ್ತಾ 5 ವರ್ಷ ಸೇದಿದನೆನ್ನಿ. ಗುಣಿಸಿದರೆ 1.5. ಇದು 1ಕ್ಕಿಂತ ಹೆಚ್ಚಿದ್ದರೆ ಚಟ ಹಬ್ಬುತ್ತದೆ, ಕಡಿಮೆಯಾದರೆ ಅಳಿಯಬೇಕು.

ಅಳಿಯಬೇಕು, ಆದರೆ ಅಳಿಯದೇ ಇರಬಹುದು. ನನ್ನನ್ನು ಹಿಡಿದಿಟ್ಟಿರುವುದು ಇದೇ. ರಜೆಯಲ್ಲಿ ಅರಕಲಗೂಡಿನ ಮನೆಗೆ ಹೋಗಿ ಒಂದನ್ನೂ ಮುಟ್ಟದ ಹುಡುಗ (ತಂಬಾಕು ಬೆಳೆಯುವ ತಾಲ್ಲೂಕು ಅದು!) ಹಾಸ್ಟೆಲ್ಲಿಗೆ ಮರಳಿ, ಚಹಾ ಅಂಗಡಿಯ ಮುಂದೆ ಹಳೆಯ ಗೆಳೆಯರ ಜೊತೆ ನಿಂತನೆಂದರೆ ಮತ್ತೆ ಶುರು. ಬಿಟ್ಟವರು ಮರಳುವುದೂ ಹೀಗೆ ಸಹವಾಸದಿಂದಲೇ ಆದರೆ, ಸಮೀಕರಣದಲ್ಲಿ ಬಿಟ್ಟವರ ಮತ್ತು ಸೇದುವವರ ಸಂಖ್ಯೆಗಳ ಗುಣಲಬ್ಧ ಬಂದು ಕೂರುತ್ತದೆ. ಹೀಗೆ ಮರಳುವ ದರ ಸಾಕಷ್ಟು ದೊಡ್ಡದಿದ್ದರೆ, ಮೇಲೆ ಗುಣಿಸಿ ಪಡೆದ ಸಂಖ್ಯೆ 1ಕ್ಕಿಂತ ತುಸು ಕೆಳಗಿಳಿದರೂ ಚಟ ಊರು ಬಿಡುವುದಿಲ್ಲ. ಎಲ್ಲಿಂದ ಹೊರಟಿದ್ದೇವೆ ಎಂಬುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ: ಸೇದುವವರು ತೀರಾ ವಿರಳವಾಗಿದ್ದಲ್ಲಿ ಚಟ ಕರಗುತ್ತದೆ, ಆಗಲೇ ಬೇರೂರಿದಲ್ಲಿ ಅದೇ ದರಗಳಿದ್ದರೂ ಉಳಿಯುತ್ತದೆ.

ಆದ್ದರಿಂದ ಬಿಡಿಸುವ ಪ್ರಯತ್ನವೊಂದೇ ಸಾಲದು, ಬಿಟ್ಟವನು ನಿಲ್ಲುವ ಜಾಗವೂ ಬದಲಾಗಬೇಕು ಎಂದು ಗಟ್ಟಿಯಾಗಿ ನಂಬಿದ್ದೇನೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ತಡೆಯುವ ನಿಯಮಗಳು 2008ರ ಅಕ್ಟೋಬರ್ 2ರಂದು ದೇಶದಲ್ಲಿ ಜಾರಿಯಾದವು. ಅವುಗಳ ಬೆಲೆ ನನಗೆ ಕಾಣುವುದು ಇಲ್ಲಿಯೇ. ಅದೇ ವರ್ಷ ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಸಂಶೋಧಕರು, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ದೀರ್ಘಕಾಲದ ಹೃದಯ ಅಧ್ಯಯನದ ಸುಮಾರು 12,000 ಜನರ ಮಾಹಿತಿಯಲ್ಲಿ, ಪರಸ್ಪರ ಬಲ್ಲವರು ಗುಂಪುಗುಂಪಾಗಿಯೇ ಸಿಗರೇಟು ಬಿಟ್ಟಿದ್ದನ್ನು ಕಂಡರು. ಸಂಗಾತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇಕಡಾ 67ರಷ್ಟು ಇಳಿದಿತ್ತು.

ನೀವೇ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದಾದರೆ ಮರಳುವ ದರವನ್ನು ಸ್ವಲ್ಪಸ್ವಲ್ಪವೇ ಏರಿಸಿ. ಪ್ರತಿ ಸಲವೂ ಸೇದುವವರ ಅತಿ ಚಿಕ್ಕ ಪಾಲಿನಿಂದ ಒಮ್ಮೆ, ದೊಡ್ಡ ಪಾಲಿನಿಂದ ಒಮ್ಮೆ ಆರಂಭಿಸಿ, ಎರಡು ರೇಖೆಗಳು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ.