ಎರಡು ಬಾರಿ ಥೆರಪಿ ಬಿಟ್ಟೆ, ಮತ್ತೆ ಹೋಗಲೇ?

ಪ್ರಶ್ನೆ: ನನಗೆ 26 ವರ್ಷ. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಬಿಪಿಡಿ) ಇದೆ ಎಂದು ಮನೋವೈದ್ಯರು ಹೇಳಿದ ಮೇಲೆ ಇಬ್ಬರು ಥೆರಪಿಸ್ಟರ ಬಳಿ ಹೋದೆ. ಮೊದಮೊದಲು ‘ಇವರಷ್ಟು ನನ್ನನ್ನು ಅರ್ಥ ಮಾಡಿಕೊಂಡವರೇ ಇಲ್ಲ’ ಅನಿಸಿತ್ತು. ಆಮೇಲೆ ಒಬ್ಬರು ಸೆಷನ್ ಮುಂದೂಡಿದರು, ಇನ್ನೊಬ್ಬರು ನಾನು ಅಳುತ್ತಿರುವಾಗ ಗಡಿಯಾರ ನೋಡಿದರು. ಎರಡೂ ಸಲ ಮೆಸೇಜ್ ಹಾಕಿ ಬಿಟ್ಟುಬಿಟ್ಟೆ. ಮತ್ತೆ ಹೋಗಬೇಕೆ? ಮಾತ್ರೆಯಲ್ಲಿ ವಾಸಿಯಾಗದೆ?

ಉತ್ತರ: ಹೋಗಿ. ಗಡಿಯಾರ ನೋಡಿದ್ದಕ್ಕೆ ನಿಮಗಾದ ನೋವು ನಿಜ. ಕೈಬಿಡುತ್ತಾರೆಂಬ ಭಯ, ಒಬ್ಬರನ್ನೇ ಇಂದು ದೇವರೆಂದು ನಾಳೆ ಶತ್ರುವೆಂದು ಕಾಣುವುದು, ಇವೇ ಈ ಕಾಯಿಲೆಯ ಮುಖ್ಯ ಲಕ್ಷಣಗಳು. ಅವು ಥೆರಪಿಸ್ಟರ ಎದುರಿಗೂ ಬರದೆ ಇರುವುದಿಲ್ಲ. ಜ್ವರವಿದೆಯೆಂದು ವೈದ್ಯರಿಗೆ ಹೇಳುವ ಹಾಗೆ ‘ನಿಮ್ಮನ್ನು ಬಿಟ್ಟುಹೋಗಬೇಕು ಅನಿಸುತ್ತಿದೆ’ ಎಂದು ಅಲ್ಲೇ ಹೇಳಬೇಕು. ಅದನ್ನು ಅವರೆದುರು ಆಡಿದ ದಿನವೇ ಚಿಕಿತ್ಸೆ ನಿಜವಾಗಿ ಮುಂದುವರಿಯುತ್ತದೆ.

ಮಾತ್ರೆಯ ವಿಷಯ ಚಿಕ್ಕದು. ಬಿಪಿಡಿಗೇ ಎಂದು ಮಾಡಿದ ಔಷಧವಿಲ್ಲ. ಜೊತೆಗೆ ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೆ ಕೊಡುತ್ತಾರೆ. ಈಗ ತೆಗೆದುಕೊಳ್ಳುತ್ತಿರುವುದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ್ದು. ತಾವೂ ಹರೆಯದಲ್ಲಿ ಇಂಥದ್ದೇ ಸಂಕಟ ಉಂಡವರೆಂದು ಅವರು 2011ರಲ್ಲಿ ಬಹಿರಂಗವಾಗಿ ಹೇಳಿದರು. ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಥೆರಪಿಸ್ಟರ ಜೊತೆ ನೀವೊಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಎರಡು ಗಂಟೆಯಷ್ಟು ಗುಂಪಿನಲ್ಲಿ ಭಾವನೆಗಳನ್ನು ಸಂಭಾಳಿಸುವ ಪಾಠ, ನಡುವೆ ತೀರಾ ಕಷ್ಟವಾದಾಗ ಫೋನ್. ಪಾಠಗಳ ಒಂದು ಸುತ್ತಿಗೆ 24 ವಾರ. ಸಾಮಾನ್ಯವಾಗಿ ಎರಡು ಸುತ್ತು, ಅಂದರೆ ಸುಮಾರು ಒಂದು ವರ್ಷ. ಎಂಟ್ಹತ್ತು ಸೆಷನ್‌ನಲ್ಲಿ ಮುಗಿಸುತ್ತೇವೆ ಎನ್ನುವವರನ್ನು ನಂಬಿ ಹೋಗಬೇಡಿ. ಡಿಬಿಟಿ ಸಿಗದಿದ್ದರೆ ಮೆಂಟಲೈಸೇಷನ್ ಥೆರಪಿ (ನಮ್ಮ ಮತ್ತು ಇತರರ ಮನಸ್ಸಿನಲ್ಲಿ ಏನಿದೆ ಎಂದು ಅರಿಯಲು ಕಲಿಸುವುದು), ಸ್ಕೀಮಾ ಥೆರಪಿ (ಬಾಲ್ಯದಿಂದ ಬೇರೂರಿದ ನಂಬಿಕೆಗಳನ್ನು ಬದಲಿಸುವುದು) ಕೂಡ ಒಳ್ಳೆಯವೇ.

ಡಿಬಿಟಿಯಲ್ಲಿ ಮಾಡುವ ಕೆಲಸ ಹೀಗಿರುತ್ತದೆ. ರಾತ್ರಿ ಮಲಗುವ ಮುನ್ನ ಒಂದು ಡೈರಿ ಕಾರ್ಡ್ ತುಂಬುತ್ತೀರಿ: ಇವತ್ತಿನ ಸಿಟ್ಟು, ದುಃಖ, ಗಾಯ ಮಾಡಿಕೊಳ್ಳುವ ತುಡಿತ, ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಮಂಗಳವಾರ ಸ್ನೇಹಿತೆಗೆ ನಲವತ್ತು ಮೆಸೇಜ್ ಕಳಿಸಿದ್ದೀರಿ ಎನ್ನಿ. ಸೆಷನ್‌ನಲ್ಲಿ ಆ ಸಂಜೆಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಮಧ್ಯಾಹ್ನ ಊಟ ಬಿಟ್ಟಿತ್ತು, ಏಳಕ್ಕೆ ಅವಳು ಫೋನ್ ಎತ್ತಲಿಲ್ಲ, ‘ನಾನು ಬೇಡವಾದೆ’ ಎಂಬ ಯೋಚನೆ ಬಂತು, ಎದೆ ಉರಿಯಿತು, ಮೆಸೇಜ್ ಶುರುವಾಯಿತು. ಇವುಗಳಲ್ಲಿ ಯಾವ ಕೊಂಡಿಯನ್ನು ಮುರಿಯಬಹುದಿತ್ತು ಎಂದು ಹುಡುಕುವುದೇ ಪಾಠ. ಕೆಲವೊಮ್ಮೆ ಅದು ಊಟದ ಕೊಂಡಿಯೇ ಆಗಿರಬಹುದು!

ಕಾರ್ಡ್ ತುಂಬದೆ ಹೋಗುವುದು ಸಾಮಾನ್ಯ ತಪ್ಪು. ಆಗ ಸೆಷನ್ ಪೂರ್ತಿ ಆ ದಿನದ ಜಗಳದ ವರದಿಯಲ್ಲೇ ಕಳೆದುಹೋಗುತ್ತದೆ. ಎರಡನೆಯದು, ಸ್ವಲ್ಪ ಹಗುರಾದ ಕೂಡಲೇ ನಿಲ್ಲಿಸುವುದು. ಕಲಿತದ್ದು ಇನ್ನೂ ರೂಢಿಗೆ ಬಂದಿರುವುದಿಲ್ಲ.

ಹೊಸಬರನ್ನು ಆರಿಸುವಾಗ ಕೇಳಿ: ಬಿಪಿಡಿ ಇರುವವರನ್ನು ನೋಡಿದ್ದೀರಾ? ಯಾವ ವಿಧಾನ? ಸೆಷನ್ ಮುಂದೂಡಿದರೆ, ರಜೆ ಹೋದರೆ ನಾನೇನು ಮಾಡಲಿ? ಫೋನ್ ಯಾವಾಗ ಮಾಡಬಹುದು? ಹಾಗೆಯೇ ಒಂದು ಒಪ್ಪಂದ ಮಾಡಿಕೊಳ್ಳಿ: ಬಿಡಬೇಕೆನಿಸಿದರೆ ಮೆಸೇಜ್‌ನಲ್ಲಿ ಬಿಡುವುದಿಲ್ಲ, ಎದುರು ಬಂದು ಎರಡು ಸೆಷನ್ ಅದನ್ನೇ ಮಾತಾಡಿದ ಮೇಲೆ ತೀರ್ಮಾನ. ಆಮೇಲೂ ಸರಿಹೋಗದಿದ್ದರೆ ಬದಲಾಯಿಸಿ, ಅದು ಸೋಲಲ್ಲ. ಬಿಪಿಡಿ ಇರುವವರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನಗಳಲ್ಲಿ ಬಹುಪಾಲು ಜನರ ಲಕ್ಷಣಗಳು ಇಳಿದಿವೆ.

ಸಾಯುವ ಯೋಚನೆ ಬಲವಾದರೆ ಮುಂದಿನ ಸೆಷನ್‌ವರೆಗೆ ಕಾಯಬೇಡಿ. ಜೊತೆಗೊಬ್ಬರನ್ನು ಇಟ್ಟುಕೊಂಡು ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ.

ಮೊದಲ ಭೇಟಿಗೆ ಏನು ಹೇಳಲೆಂದು ತೋಚದಿದ್ದರೆ, ನಮಗೆ ಬರೆದ ಈ ಪತ್ರವನ್ನೇ ತೆಗೆದುಕೊಂಡು ಹೋಗಿ, ಗಡಿಯಾರದ ಸಾಲಿನಿಂದ ಓದಲು ಶುರು ಮಾಡಿ.