ಬರ್ಮಾದಿಂದ ಮರಳದ ಅಜ್ಜನಿಗೆ ಎಡೆ ಇಡುವುದು ಎಂದು?

ಪ್ರಶ್ನೆ: ನನ್ನ ಅಜ್ಜಿಯ ಅಣ್ಣ ಮದ್ರಾಸ್ ಸ್ಯಾಪರ್ಸ್ ಪಡೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದವರು ಹಿಂತಿರುಗಲಿಲ್ಲ. ಮನೆಗೆ ಬಂದದ್ದು ಒಂದು ತಂತಿ ಮಾತ್ರ. "ಅವನಿಗೆ ಮೂರು ಹಿಡಿ ಮಣ್ಣು ಹಾಕುವವರೂ ಇರಲಿಲ್ಲ" ಎಂದು ಅಜ್ಜಿ ಕೊನೆಯವರೆಗೂ ಕೊರಗಿದರು. ಅವರ ಸಮಾಧಿ ಎಲ್ಲಾದರೂ ಇದೆಯೇ? ತೀರಿಕೊಂಡ ದಿನ ಗೊತ್ತಿಲ್ಲದೆ ಎಡೆ ಇಡುವುದು ಹೇಗೆ?
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನನ್ನ ದೊಡ್ಡಪ್ಪನೂ ಅದೇ ಪಡೆಯವರು, ಅದೇ ಬರ್ಮಾದಲ್ಲಿ ಉಳಿದವರು. ನಮ್ಮ ಮನೆಯಲ್ಲಿಯೂ ಆ ಕೊರಗು ಇತ್ತು.

ಸಮಾಧಿ ಇರಬಹುದು, ಇಲ್ಲದಿರಲೂಬಹುದು. ಹೆಸರು ಮಾತ್ರ ಎಲ್ಲೋ ಇದ್ದೇ ಇರಬೇಕು. ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಹುಟ್ಟಿದ ಆಯೋಗಕ್ಕೆ ಈಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂದು ಹೆಸರು. ಯಾರ ದೇಹವನ್ನೂ ಊರಿಗೆ ಕಳುಹಿಸುವುದಿಲ್ಲ, ಸಮಾಧಿ ಇಲ್ಲದವರ ಹೆಸರನ್ನು ಸ್ಮಾರಕದಲ್ಲಿ ಕೆತ್ತುತ್ತೇವೆ ಎಂಬುದು ಅದರ ನಿಯಮ. ಮೊದಲನೇ ಮಹಾಯುದ್ಧದ ಭಾರತೀಯರ ವಿಷಯದಲ್ಲಿ ಆ ಮಾತು ಎಲ್ಲ ಕಡೆ ನಡೆಯಲಿಲ್ಲ. ಎಷ್ಟೋ ಕಡೆ ಸಾಮಾನ್ಯ ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ನಮೂದಿಸಿದರು. 2021ರಲ್ಲಿ ಆಯೋಗವೇ ಇದನ್ನು ಒಪ್ಪಿ ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ ಬಂದ ಆ ಕ್ಷಮೆ ನನಗೆ ಸಾಲದು. ಬರ್ಮಾದಲ್ಲಿ ಮಡಿದವರ ಹೆಸರುಗಳನ್ನಾದರೂ ಕಲ್ಲಿನಲ್ಲಿ ಕೆತ್ತಿದ್ದಾರೆ.

ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಆದರೆ ಹೆಸರನ್ನು ನಂಬಿ ಕೂರಬೇಡಿ. ನನಗೆ ಮೂರು ತಿಂಗಳು ದೊಡ್ಡಪ್ಪ ಸಿಗಲಿಲ್ಲ. ನಾವು ನಂಜಪ್ಪ ಎಂದು ಕರೆಯುವವರನ್ನು ಗುಮಾಸ್ತನೊಬ್ಬ ಇಂಗ್ಲಿಷಿನಲ್ಲಿ 'ನುಂಜಪಾ' ಎಂದು ಓದುವಂತೆ ಬರೆದಿಟ್ಟಿದ್ದ. ಕೊನೆಗೆ ದೊಡ್ಡಮ್ಮನ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಪಿಂಚಣಿಯ ಕಾಗದ ಸಿಕ್ಕಿತು. ಅದರಲ್ಲಿದ್ದ ಸೇವಾ ಸಂಖ್ಯೆಯನ್ನು ಹಾಕಿದ ಕೂಡಲೇ ದೊಡ್ಡಪ್ಪ ಎದುರಿಗೆ ಬಂದರು: ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ತೀರಿಕೊಂಡ ದಿನಾಂಕ. ನನ್ನ ತಾತನ ಹೆಸರನ್ನು ಪರದೆಯ ಮೇಲೆ ನೋಡಿ ನಾನು ಅತ್ತುಬಿಟ್ಟೆ. ಆದ್ದರಿಂದ ಮೊದಲು ಹಳೆಯ ಪೆಟ್ಟಿಗೆಗಳನ್ನು ತೆಗೆಸಿ. ಪಿಂಚಣಿ ಪತ್ರ, ಪದಕ, ಆ ತಂತಿ, ಏನು ಸಿಕ್ಕರೂ ಎಸೆಯಬೇಡಿ.

ನಿಮ್ಮ ಅಜ್ಜನ ಹೆಸರು ರಂಗೂನಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದ ತೌಕ್ಯಾನ್‌ನಲ್ಲಿರುವ ಸಾಧ್ಯತೆ ಹೆಚ್ಚು. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಆರು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ನಡುವೆ ರಂಗೂನ್ ಸ್ಮಾರಕ. ಸಮಾಧಿಯಿಲ್ಲದ ಸುಮಾರು 27,000 ಯೋಧರ ಹೆಸರುಗಳು ಅದರ ಕಲ್ಲುಕಂಬಗಳ ಮೇಲಿವೆ. ಧರ್ಮದ ಪ್ರಕಾರ ದಹನವಾದ ಸಾವಿರಕ್ಕೂ ಹೆಚ್ಚು ಮಂದಿಗೆ ಬೇರೆ ಸ್ಮಾರಕವಿದೆ. ಗಡಿಯ ಈಚೆ ಸತ್ತಿದ್ದರೆ ಇಂಫಾಲದ ದಾಖಲೆಗಳನ್ನೂ ನೋಡಿ.

ನಾನು 2014ರಲ್ಲಿ ತೌಕ್ಯಾನ್‌ಗೆ ಹೋಗಿದ್ದೆ. ದಾಖಲೆಯಲ್ಲಿ ಕಂಬದ ಮುಖದ ಸಂಖ್ಯೆಯೂ ಇದ್ದುದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಯುದ್ಧದ ಗತಿಯಿಂದಾಗಿ, ಜೊತೆಯವರಿಗೆ ದೊರೆತ ಅಂತ್ಯಸಂಸ್ಕಾರ ದೊರೆಯದೆ ಹೋದವರ ಹೆಸರುಗಳಿವು ಎಂಬರ್ಥದ ಬರಹ ಅಲ್ಲಿದೆ. ಓದಿದಾಗ, ನಿಮ್ಮ ಅಜ್ಜಿ ಹೇಳುತ್ತಿದ್ದ ಮಾತನ್ನೇ ನನ್ನ ಅಜ್ಜಿಯೂ ಹೇಳುತ್ತಿದ್ದುದು ನೆನಪಾಯಿತು. ಸ್ವತಂತ್ರ ಜನರೆಲ್ಲರಿಗಾಗಿ ಇವರು ಮಡಿದರು ಎಂಬ ಇನ್ನೊಂದು ಸಾಲು ಇಂಗ್ಲಿಷ್, ಬರ್ಮೀ, ಹಿಂದಿ, ಉರ್ದು, ಗುರುಮುಖಿಗಳಲ್ಲಿದೆ. ಕನ್ನಡವಿಲ್ಲ. ಅದಕ್ಕೇ ದೊಡ್ಡಪ್ಪನ ಹೆಸರನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು, ಊರಿನ ಹೊಲದಿಂದ ಒಯ್ದಿದ್ದ ಮಣ್ಣನ್ನು ಮೂರು ಹಿಡಿ ಅಳೆದು ಹತ್ತಿರದ ಗಿಡವೊಂದರ ಬುಡಕ್ಕೆ ಹಾಕಿ, ಚೀಟಿಯನ್ನೂ ಅಲ್ಲಿಯೇ ಇಟ್ಟು ಬಂದೆ. ಮ್ಯಾನ್ಮಾರ್‌ನಲ್ಲಿ 2021ರಿಂದ ಕಾಳಗ ನಡೆದಿದೆ. ಸದ್ಯಕ್ಕೆ ನೀವು ಹೊರಡಬೇಡಿ. ಜಾಲತಾಣದಿಂದ ಅವರ ಹೆಸರಿನ ಸ್ಮರಣಪತ್ರವನ್ನು ಮುದ್ರಿಸಿಕೊಂಡು ಚೌಕಟ್ಟು ಹಾಕಿಸಿ, ಅಜ್ಜಿಯ ಪಟದ ಪಕ್ಕ ತೂಗುಹಾಕಿ.

ಇನ್ನು ಎಡೆಯ ಮಾತು. ದಿನಾಂಕ ಸಿಕ್ಕರೆ ಹಳೆಯ ಪಂಚಾಂಗ ಬಲ್ಲವರು ತಿಥಿ ಹೇಳುತ್ತಾರೆ. ಸಿಗದಿದ್ದರೂ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ: ಮಹಾಲಯ ಪಕ್ಷದ ಚತುರ್ದಶಿ ಶಸ್ತ್ರದಿಂದ ಮಡಿದವರಿಗೇ ಮೀಸಲು, ಅದನ್ನು ಘಾತ ಚತುರ್ದಶಿ ಎನ್ನುತ್ತಾರೆ. ಬರ್ಮಾದ ಕಾಡಿನಲ್ಲಿ ಗುಂಡಿನಂತೆ ಮಲೇರಿಯಾವೂ ಜನರನ್ನು ಕೊಂದಿತು. ಹೇಗೆ ಸತ್ತರೆಂದೇ ತಿಳಿಯದಿದ್ದರೆ ಮರುದಿನದ ಅಮಾವಾಸ್ಯೆಗೆ ಇಡಿ. ನಮ್ಮ ಮನೆಯಲ್ಲಿ ಮೊದಲು 'ಯುದ್ಧಕ್ಕೆ ಹೋದವರಿಗೆ' ಎಂದು ಒಂದು ಎಲೆ ಹಾಕುತ್ತಿದ್ದೆವು. ಈಗ ಹೆಸರು ಹಿಡಿದು ಕರೆಯುತ್ತೇವೆ. ಮೊಮ್ಮಗಳು ಸೇವಾ ಸಂಖ್ಯೆಯನ್ನೂ ಸೇರಿಸಿ ಓದುತ್ತಾಳೆ.

ಪೆಟ್ಟಿಗೆಯಲ್ಲಿ ಕಾಗದ ಸಿಕ್ಕರೆ ಅದರ ನೆರಳಚ್ಚು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ, ನಾನೂ ಹುಡುಕುತ್ತೇನೆ. ಹೆಸರು ಎಲ್ಲಿಯೂ ಇಲ್ಲವೆಂದಾದರೆ ಪುರಾವೆಗಳ ಜೊತೆ ಆಯೋಗಕ್ಕೆ ಬರೆಯಬಹುದು. ಆ ಅರ್ಜಿಯನ್ನೂ ಇಬ್ಬರೂ ಸೇರಿ ಬರೆಯೋಣ.